ಮೂಲದಲ್ಲಿಲ್ಲದ ಒಂಬತ್ತು ಪದ್ಯಗಳು

ಜೂನ್ 3, ಬೆಳಿಗ್ಗೆ

ಅರವತ್ತೊಂದನೆಯ ಪದ್ಯದ ಮೂರನೇ ಸಾಲು ಇವತ್ತೂ ಬಗ್ಗಲಿಲ್ಲ. ಹಸ್ತಪ್ರತಿಯಲ್ಲಿ ಸರಿಯಾಗಿ ಅಲ್ಲೇ ಹುಳು ತಿಂದಿದೆ. ಹುಳುವಿಗೂ ಒಳ್ಳೆಯ ಸಾಲೇ ಬೇಕು.

ಡಿಸೆಂಬರಿಗೆ ರಿಟೈರ್‌ಮೆಂಟ್. ಅಷ್ಟರೊಳಗೆ ಪುಸ್ತಕ ಅಚ್ಚಿಗೆ ಹೋಗಬೇಕು. ಇಪ್ಪತ್ತೆರಡು ವರ್ಷದಿಂದ ಒಂದೇ ಕಾವ್ಯದ ಹಿಂದೆ ಬಿದ್ದಿದ್ದೇನೆ. ಆರು ನೂರು ವರ್ಷ ಹಳೆಯದು, ಬರೆದವರು ಯಾರೋ ತಿಳಿಯದು. ಮಗಳು ಸತ್ತಿದ್ದಾಳೆ, ತಾಯಿ ಅಳುತ್ತಾಳೆ, ನೆರೆಹೊರೆಯವರು ಒಬ್ಬೊಬ್ಬರಾಗಿ ಬಂದು ಸಮಾಧಾನ ಹೇಳಿ ಹೋಗುತ್ತಾರೆ. ನೂರ ಮೂರು ಪದ್ಯ. ಅಕ್ಕ — ರಿಟೈರ್ಡ್ ಹೆಡ್‌ಮಿಸ್ಟ್ರೆಸ್, ಈಗ ನನ್ನೊಬ್ಬಳಿಗೇ ಹೆಡ್‌ಮಿಸ್ಟ್ರೆಸ್ — ಟೀ ಲೋಟ ಕುಕ್ಕಿ ಹೋದಳು. "ಆ ತಾಯಿ ಒಂದು ವರ್ಷ ಅತ್ತಿರ್ಬೇಕು. ನೀನು ಇಪ್ಪತ್ತೆರಡು ವರ್ಷದಿಂದ ಅವಳನ್ನ ಅಳಿಸ್ತಾ ಇದೀಯ."

ಈಗ ಹೊಸ ತಲೆನೋವು. ಯೂನಿವರ್ಸಿಟಿಯವರು ನಾಲ್ಕು ಕಡೆಯವರನ್ನು ಒಂದೇ ನೊಗಕ್ಕೆ ಕಟ್ಟಿದ್ದಾರೆ: ನಮ್ಮ ಸಾಹಿತ್ಯ, ಶಿಕ್ಷಣ ವಿಭಾಗ, ಕೌನ್ಸೆಲಿಂಗ್ ಸೆಂಟರ್, ಸಮಾಜ ಕಲ್ಯಾಣ ಇಲಾಖೆ. ಹಳೆಯ ಸಾಂತ್ವನ ಪದ್ಯಗಳನ್ನು ಮಕ್ಕಳಿಗೆ ಓದಿ ಹೇಳಿದರೆ ಅವರ ದುಃಖ ಹಗುರವಾಗುತ್ತದೆಯೇ ಎಂದು ನೋಡಬೇಕಂತೆ. ಪ್ರಾಜೆಕ್ಟಿನ ಹೆಸರಿನಲ್ಲಿ "ದುಃಖ ನಿರ್ವಹಣೆ" ಎಂಬ ಮಾತಿದೆ. ದುಃಖವೇನು ಗೋದಾಮೇ, ನಿರ್ವಹಿಸಲು?

ಜೂನ್ 11, ಸಂಜೆ 4

ಕೌನ್ಸೆಲರ್ ಬಂದಿದ್ದ. ನಲವತ್ತೈದರ ಮನುಷ್ಯ. ಪ್ರಶ್ನೆ ಕೇಳಿದರೆ ಎರಡು ನಿಮಿಷ ಸುಮ್ಮನೆ ಕೂತು ಆಮೇಲೆ ಉತ್ತರ ಕೊಡುತ್ತಾನೆ. ಮನಸ್ಸಿನಲ್ಲೇ "ಮೌನಿ" ಎಂದು ಹೆಸರಿಟ್ಟಿದ್ದೇನೆ.

ನನ್ನ ಬಾಗಿಲಿನ ಬೋರ್ಡನ್ನೇ ನೋಡುತ್ತಿದ್ದ. "ಬಾಯಲ್ಲಿ ಹೇಳಬೇಡಿ. ಬರೆದು ಕೊಡಿ." ಮೂವತ್ತು ವರ್ಷದಿಂದ ಅಲ್ಲೇ ಇದೆ. ವಿದ್ಯಾರ್ಥಿಗಳು ಬಂದು ತಲೆ ತಿನ್ನುವುದು ನಿಂತದ್ದು ಅದರಿಂದಲೇ. ಇನ್ನೊಂದು ನಿಯಮವೂ ಇದೆ: ಹಾಳೆಯ ಒಂದೇ ಮಗ್ಗುಲಲ್ಲಿ ಬರೆಯಬೇಕು. ಹಿಂದೆ ಬರೆದದ್ದನ್ನು ನಾನು ನೋಡುವುದಿಲ್ಲ.

"ಮೇಡಂ, ಯಾರಾದ್ರೂ ಅಳ್ತಾ ಬಂದ್ರೆ?"

"ಅಳು ನಿಲ್ಲಿಸಿ, ಬರೆದು ಕೊಡಿ ಅಂತೀನಿ."

ನಗುತ್ತಾನೆ ಅಂದುಕೊಂಡೆ. ನಗಲಿಲ್ಲ.

ಜೂನ್ 19, ಮಧ್ಯಾಹ್ನ

ಊಟಕ್ಕೆ ಅಕ್ಕ ಎರಡು ಸಲ ಕರೆದಳು. ಮೊದಲು ಇದನ್ನು ಬರೆಯುತ್ತೇನೆ.

ಮೌನಿ ಒಂದು ರೆಕಾರ್ಡಿಂಗ್ ಕಳಿಸಿದ್ದಾನೆ. ಊರಾಚೆಯ ಸರ್ಕಾರಿ ಮಕ್ಕಳ ನಿಲಯದಲ್ಲಿ ಕಾವ್ಯದ ಕೊನೆಯ ಭಾಗ ಓದಿದ್ದಾನೆ. ಅಪ್ಪ ಅಮ್ಮ ಇಲ್ಲದ ಮಕ್ಕಳು ಅವು. ಓದುವಾಗ ಒಳಗೊಳಗೇ ಪಿಸುಮಾತು, ಬೆಂಚಿನ ಸದ್ದು. ನೂರ ಮೂರನೆಯ ಪದ್ಯ ಮುಗಿಸಿ "ಇಷ್ಟೇ" ಅಂತಾನೆ. ಒಂದು ಹೆಣ್ಣುಮಗುವಿನ ದನಿ: "ಇನ್ನೂ ಇದೆ ಸಾರ್! ನೀವು ಅರ್ಧಕ್ಕೇ ನಿಲ್ಲಿಸಿದ್ರಿ." ಆಮೇಲೆ ಏಳೆಂಟು ಮಕ್ಕಳು ಒಟ್ಟಿಗೆ —

ಬಂದವರೆಲ್ಲ ಮಾತಾಡಿ ಹೋದರು, ತಂಗೀ,
ಕೂತವರು ಒಬ್ಬರೂ ಇಲ್ಲ.

ಒಂಬತ್ತು ಪದ್ಯ. ತಡವರಿಸದೆ, ಬಾಯಿಪಾಠ. ಈ ಸಾಲು ನನಗೆ ಗೊತ್ತು. ಎಲ್ಲಿ ನೋಡಿದ್ದೇನೆ?

ಜೂನ್ 20, ಬೆಳಿಗ್ಗೆ 11

ಸಿಕ್ಕಿತು. ಕಬ್ಬಿಣದ ಬೀರುವಿನ ಕೆಳಗಿನ ಖಾನೆ, ಎಂಟು ವರ್ಷದ ಹಿಂದಿನ ಫೈಲು. ಮುತ್ತಕ್ಷರಿಯದು.

ಹಾಗೆಂದು ಕರೆಯುತ್ತಿದ್ದೆ ಅವಳನ್ನು. ಮುತ್ತು ಪೋಣಿಸಿದ ಹಾಗೆ ಬರೆಯುತ್ತಿದ್ದಳು. ಕಲ್ಯಾಣ ಇಲಾಖೆಯ ಹಾಸ್ಟೆಲಿನಲ್ಲಿದ್ದುಕೊಂಡು ನನ್ನ ಬಳಿ ಪಿಎಚ್‌ಡಿ ಮಾಡುತ್ತಿದ್ದ ಹುಡುಗಿ. ಹಸ್ತಪ್ರತಿ ನೋಡಿ ಪದ್ಯಗಳನ್ನು ಪ್ರತಿ ಮಾಡಿ ಕೊಡುವ ಕೆಲಸ ಅವಳಿಗೆ ವಹಿಸಿದ್ದೆ. ನೂರ ಮೂರು ಇರಬೇಕಾದಲ್ಲಿ ನೂರ ಹನ್ನೆರಡು ಕೊಟ್ಟಳು.

ಕೊನೆಯ ಒಂಬತ್ತರ ಮೇಲೆ ನನ್ನ ಕೆಂಪು ಗೆರೆ, ಮೂಲೆಯಿಂದ ಮೂಲೆಗೆ. ಬದಿಯಲ್ಲಿ ನನ್ನದೇ ಷರಾ: "ಪ್ರಕ್ಷಿಪ್ತ. ಮೂಲದಲ್ಲಿಲ್ಲ, ಯಾರೋ ಸೇರಿಸಿದ್ದು. ತಾಯಿ ಮಗಳನ್ನು ಕರೆಯುವ ಕಾವ್ಯದಲ್ಲಿ ಇದ್ದಕ್ಕಿದ್ದಂತೆ 'ತಂಗೀ' ಎಂದು ಬಂದಿರುವುದೇ ಸಾಕ್ಷಿ."

ಅದಷ್ಟೇ ಆಗಿದ್ದರೆ ಸರಿ. ಇದ್ದ ಹಸ್ತಪ್ರತಿ ಒಂದೇ, ಅದರಲ್ಲಿ ಈ ಪದ್ಯಗಳಿಲ್ಲ. ಹಾಗಾದರೆ ಇವಳೇ ಕಟ್ಟಿ ತುರುಕಿದ್ದಾಳೆ ಎಂದು ಸೆಮಿನಾರಿನಲ್ಲಿ ಎಲ್ಲರೆದುರು ನೀರಿಳಿಸಿದೆ. ಇಲಾಖೆಗೆ ಪತ್ರವನ್ನೂ ಬರೆದೆ. ಕಾರ್ಬನ್ ಪ್ರತಿ ಇಲ್ಲೇ ಇದೆ, ಒಂದೇ ವಾಕ್ಯ: "ಈ ವಿದ್ಯಾರ್ಥಿನಿಯ ಸಂಶೋಧನಾ ಪ್ರಾಮಾಣಿಕತೆಯಲ್ಲಿ ನನಗೆ ವಿಶ್ವಾಸ ಉಳಿದಿಲ್ಲ." ಹಾಸ್ಟೆಲ್ ಸೀಟು ಹೋಯಿತು. ಅವಳೂ ಹೋದಳು.

ಆದರೆ ಮಕ್ಕಳ ಬಾಯಲ್ಲಿ ಅದೇ ಒಂಬತ್ತು ಪದ್ಯ! ಅಂದರೆ ಅವು ಜನರ ನಡುವೆ ಉಳಿದುಕೊಂಡು ಬಂದಿವೆ. ಅಂದರೆ ಅವು ನಿಜವಾಗಿಯೂ ಹಳೆಯವು. ಹುಡುಗಿ ಎಲ್ಲೋ ಕೇಳಿ ಬರೆದುಕೊಂಡಿದ್ದಳು. ನಾನು ತಪ್ಪು ಮಾಡಿದೆ. ಎಂಥ ತಪ್ಪು! ಎಂಥ ಪುಸ್ತಕವಾಗುತ್ತದೆ ಇದು!

ಜೂನ್ 24

ನಾಲ್ಕು ದಿನದಲ್ಲಿ ಹದಿನೆಂಟು ಪುಟದ ಲೇಖನ. ಒಂದೇ ಕಾವ್ಯಕ್ಕೆ ತಾಯಿ ಅಳುವ ಪಾಠ ಒಂದು, 'ತಂಗೀ' ಎಂದು ಅಕ್ಕ ಅಳುವ ಪಾಠ ಇನ್ನೊಂದು — ಎರಡು ಪರಂಪರೆ. ಯೌವನ ಬಂದ ಹಾಗಿದೆ. ಅಡಿಟಿಪ್ಪಣಿಯಲ್ಲಿ ಮುತ್ತಕ್ಷರಿಗೆ ಒಂದು ಕೃತಜ್ಞತೆಯನ್ನೂ ಹಾಕಿದೆ.

ಅಕ್ಕನಿಗೆ ಓದಿ ಹೇಳಿದೆ. ಪೂರ್ತಿ ಕೇಳಿ, "ಆ ಹುಡುಗಿ ಈಗ ಎಲ್ಲಿದಾಳೆ?" ಅಂದಳು.

"ಗೊತ್ತಿಲ್ಲ."

"ಪದ್ಯ ಎಲ್ಲೆಲ್ಲಿ ತಿರುಗ್ತು ಅಂತ ಹದಿನೆಂಟು ಪುಟ ಬರೆದಿದೀಯ. ಹುಡುಗಿ ಎಲ್ಲಿ ಹೋದ್ಲು ಅಂತ ಒಂದು ಸಲ ವಿಚಾರಿಸಲಿಲ್ವೇನೇ?"

ಮೈ ಉರಿಯಿತು. ನಿನಗೆ ಸಂಶೋಧನೆ ಅರ್ಥವಾಗುವುದಿಲ್ಲ ಎಂದು ಕಡ್ಡಿ ಮುರಿದ ಹಾಗೆ ಹೇಳಿ ಎದ್ದು ಬಂದೆ.

ಜೂನ್ 27, ಬೆಳಿಗ್ಗೆ 8

ಇವತ್ತು ಮಕ್ಕಳ ನಿಲಯಕ್ಕೆ, ಮೌನಿಯ ಜೊತೆ. ಪದ್ಯ ಕಲಿಸಿದ್ದು ಅಲ್ಲಿನ ವಾರ್ಡನ್ ಅಂತೆ. ಯಾರಾದರೂ ಮುದುಕಿ ಇರಬೇಕು. ಅವಳ ಅಜ್ಜಿಯಿಂದ ಬಂದದ್ದೋ, ಮುತ್ತಜ್ಜಿಯಿಂದಲೋ ಕೇಳಬೇಕು. ರೆಕಾರ್ಡರಿಗೆ ಹೊಸ ಸೆಲ್ ಹಾಕಿದ್ದೇನೆ.

ಜುಲೈ 16

ಹತ್ತೊಂಬತ್ತು ದಿನ ಈ ಡೈರಿ ಮುಟ್ಟಲಿಲ್ಲ.

ವಾರ್ಡನ್ ಮುದುಕಿಯಲ್ಲ. ಮುತ್ತಕ್ಷರಿ.

ಬಟ್ಟೆ ಒಣಹಾಕುವ ಅಂಗಳದಲ್ಲಿದ್ದಳು. ಸಣ್ಣ ಸಣ್ಣ ಅಂಗಿಗಳಿಗೆ ಕ್ಲಿಪ್ಪು ಸಿಕ್ಕಿಸುತ್ತಿದ್ದಳು. ನನ್ನನ್ನು ನೋಡಿ ಕೈ ಒರೆಸಿಕೊಂಡು ನಿಂತಳು. ಬೈಯಲಿಲ್ಲ, ಮುಖ ತಿರುಗಿಸಲಿಲ್ಲ. "ಬನ್ನಿ ಮೇಡಂ" ಅಂದಳು. ನಾನೋ — ನೆನೆದರೆ ನಾಚಿಕೆಯಾಗುತ್ತದೆ — ಕ್ಷೇಮ ಕೂಡ ಕೇಳಲಿಲ್ಲ. "ನೀನು ಸುಳ್ಳು ಹೇಳಿರಲಿಲ್ಲ! ಆ ಪದ್ಯಗಳು ಎಲ್ಲಿ ಸಿಕ್ಕಿದ್ವು ನಿಂಗೆ? ಯಾರು ಹೇಳಿಕೊಟ್ರು?" ರೆಕಾರ್ಡರ್ ಆನ್ ಮಾಡಿ ಅವಳ ಮುಂದೆ ಹಿಡಿದಿದ್ದೆ.

"ಯಾರೂ ಹೇಳಿಕೊಡಲಿಲ್ಲ. ನಾನೇ ಬರೆದಿದ್ದು. ನೀವು ಗೆರೆ ಎಳೆದಿದ್ದು ಸರಿಯಾಗೇ ಇತ್ತು."

"ಮತ್ತೆ ಯಾಕೆ ಬರೆದೆ?"

"ಆಗ ನನ್ನ ತಂಗಿ ತೀರ್ಕೊಂಡಿದ್ಲು. ಇಲ್ಲೇ, ಈ ನಿಲಯದಲ್ಲೇ ಇದ್ಲು. ಹನ್ನೊಂದು ವರ್ಷ. ಜ್ವರ." ಒಂದು ಅಂಗಿ ತೆಗೆದು ಕೊಡವಿದಳು. "ನಮಗೆ ಬೇರೆ ಯಾರೂ ಇರಲಿಲ್ವಲ್ಲ. ನಿಮ್ಮ ಹತ್ರ ಹೇಳೋಣ ಅಂತ ಬಂದಿದ್ದೆ. ಸಮಾಧಾನದ ಬಗ್ಗೆ ನಿಮಗಿಂತ ಚೆನ್ನಾಗಿ ಯಾರಿಗೆ ಗೊತ್ತು ಅಂದ್ಕೊಂಡೆ. ನೀವು ತಲೆ ಎತ್ತಲಿಲ್ಲ. ಬೋರ್ಡ್ ತೋರಿಸಿದ್ರಿ. ಬರೆದು ಕೊಟ್ಟೆ."

ರೆಕಾರ್ಡರಿನ ಕೆಂಪು ದೀಪ ಉರಿಯುತ್ತಲೇ ಇತ್ತು. ಆಫ್ ಮಾಡಲು ಗುಂಡಿ ಸಿಗಲಿಲ್ಲ. ಮೌನಿ ನನ್ನ ಕೈಯಿಂದ ತೆಗೆದುಕೊಂಡು ಆಫ್ ಮಾಡಿದ.

ಜುಲೈ 17, ಬೆಳಿಗ್ಗೆ

ನಿನ್ನೆ ಪೂರ್ತಿ ಬರೆಯಲಾಗಲಿಲ್ಲ.

ನಿಲಯದಿಂದ ಬಂದವಳೇ ಫೈಲು ತೆಗೆದೆ. ಒಂಬತ್ತು ಪದ್ಯಗಳ ಹಾಳೆಯನ್ನು ಮೊದಲ ಸಲ ತಿರುಗಿಸಿದೆ. ಹಿಂದಿನ ಮಗ್ಗುಲಲ್ಲಿ ಪೆನ್ಸಿಲಿನಲ್ಲಿ, ಅದೇ ಮುತ್ತಿನ ಅಕ್ಷರ:

"ಮೇಡಂ, ಇವು ಕಾವ್ಯದವಲ್ಲ, ನನ್ನವು. ಪ್ರಬಂಧಕ್ಕೆ ಸೇರಿಸಬೇಡಿ. ಸುಮ್ಮನೆ ಒಮ್ಮೆ ಓದಿ."

ಹಿಂದೆ ಬರೆದದ್ದನ್ನು ನಾನು ನೋಡುವುದಿಲ್ಲ. ನನ್ನದೇ ನಿಯಮ.

ಮೋಸವಲ್ಲ. ತುರುಕಿದ್ದೂ ಅಲ್ಲ. ಕೈಗೆ ಕೊಟ್ಟು, ಇದು ನನ್ನದು ಎಂದು ಹೇಳಿ, ಓದಿ ಎಂದು ಬೇಡಿಕೊಂಡಿದ್ದಳು. ನಾನು ಓದಿದೆ. "ತಂಗೀ" ಎಂಬಲ್ಲಿ ನಿಂತೆ ಕೂಡ. ಯಾರ ತಂಗಿ ಎಂದು ಕೇಳಬೇಕಿದ್ದ ಜಾಗದಲ್ಲಿ ಸಾಕ್ಷಿ ಸಿಕ್ಕಿತು ಎಂದು ಖುಷಿಪಟ್ಟೆ. ಪದ್ಯದ ಬಗ್ಗೆ ನನ್ನ ತೀರ್ಪು ಸರಿ. ಅದೊಂದೇ ಸರಿ. ಉಳಿದದ್ದೆಲ್ಲ ತಪ್ಪು.

ಹಾಜರಿ ಪುಸ್ತಕವೂ ಸಿಕ್ಕಿತು. ಆ ತಿಂಗಳು ಅವಳದು ನಾಲ್ಕು ದಿನ ರಜೆ. ಎದುರಿಗೆ ನನ್ನ ಷರಾ: "ಕಾರಣ ಸ್ಪಷ್ಟವಿಲ್ಲ."

ಅಕ್ಕನಿಗೆ ಎಲ್ಲ ಹೇಳಿದೆ. ಬೈದರೆ ಹಗುರಾಗುತ್ತಿತ್ತೇನೋ. ಅವಳು ಬೈಯಲಿಲ್ಲ.

ಜುಲೈ 23

ಕಲ್ಯಾಣ ಇಲಾಖೆಗೆ ಹೋಗಿದ್ದೆ. ಎಂಟು ವರ್ಷದ ಹಿಂದಿನ ಪತ್ರ ವಾಪಸು ತೆಗೆದುಕೊಳ್ಳುತ್ತೇನೆ, ತಪ್ಪು ನನ್ನದು, ಅವಳದಲ್ಲ ಎಂದು ಬರೆದುಕೊಂಡು ಹೋಗಿದ್ದೆ. ಆಫೀಸರು ಒಳ್ಳೆಯವರೇ. ಎರಡು ಸಲ ಓದಿದರು.

"ಇದನ್ನ ಎಲ್ಲಿಗೆ ಸೇರಿಸ್ಲಿ ಮೇಡಂ? ಆ ಫೈಲ್ ಕ್ಲೋಸ್ ಆಗಿ ಐದು ವರ್ಷ ಆಯ್ತು."

"ತೆಗೆಯೋಕೆ ಆಗಲ್ವಾ?"

"ತೆಗೆದ್ರೂ ಏನ್ ಮಾಡೋದು? ಸೀಟಿಗೆ ವಯಸ್ಸಿನ ಮಿತಿ ಇದೆಯಲ್ಲ. ಅವರಿಗೆ ಮೀರಿದೆ."

ಸೀಲು ಹಾಕಿ ಒಂದು ಪ್ರತಿ ಕೊಟ್ಟರು. ಚೀಲದಲ್ಲೇ ಇದೆ.

ಆಗಸ್ಟ್ 2

ಪ್ರಾಜೆಕ್ಟ್ ಮೀಟಿಂಗ್. ಶಿಕ್ಷಣ ವಿಭಾಗದಾಕೆ ಅಂಕಿಅಂಶ ತೋರಿಸಿದರು. ನನ್ನ ನೂರ ಮೂರು ಪದ್ಯಕ್ಕೆ ಮಕ್ಕಳು ಆಕಳಿಸಿವೆ. ಮಾತಾಡಿದ್ದು, ಅತ್ತದ್ದು, ತಮ್ಮ ಕಥೆ ಹೇಳಿಕೊಂಡದ್ದು ಆ ಒಂಬತ್ತಕ್ಕೆ ಮಾತ್ರ. "ಪುಸ್ತಕದಲ್ಲಿ ಕೊನೆಗೆ ಸೇರಿಸಿಬಿಡಿ ಮೇಡಂ. ಅಜ್ಞಾತ ಕವಿ ಅಂತ ಹಾಕಿದ್ರೆ ಆಯ್ತು, ಯಾರು ಕೇಳ್ತಾರೆ?"

"ನಾನು ಕೇಳ್ತೀನಿ" ಅಂದೆ. ದನಿ ಜೋರಾಯಿತು. ಬರೆದವಳು ಯಾರು, ಆ ಪದ್ಯಗಳಿಗೆ ನಾನು ಏನು ಮಾಡಿದೆ, ಎಲ್ಲವನ್ನೂ ಹೇಳಿದೆ. ಯಾರೂ ನನ್ನ ಮುಖ ನೋಡಲಿಲ್ಲ. ಅವಳು ಒಪ್ಪಿದರೆ ಮಾತ್ರ, ಅವಳ ಹೆಸರಿನಲ್ಲೇ. ನನ್ನ ಮುನ್ನುಡಿಯಲ್ಲಿ ನನ್ನ ತಪ್ಪೂ ಅಚ್ಚಾಗಬೇಕು. ಇಲ್ಲದಿದ್ದರೆ ಪುಸ್ತಕವೇ ಬೇಡ.

ಇಪ್ಪತ್ತೆರಡು ವರ್ಷದ ಪುಸ್ತಕ ಬೇಡ ಎಂದು ಹೇಳುವುದು ಇಷ್ಟು ಸುಲಭ ಎಂದು ಗೊತ್ತಿರಲಿಲ್ಲ.

ಆಗಸ್ಟ್ 9, ಸಂಜೆ 5

ಒಬ್ಬಳೇ ಹೋಗಿದ್ದೆ. ಬಸ್ಸಿನಲ್ಲಿ ಒಂದು ಗಂಟೆ, ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡೆ. ಮೂವತ್ತೈದು ವರ್ಷ ಪಾಠ ಮಾಡಿದ ಬಾಯಿ, ಗೇಟು ದಾಟುವಷ್ಟರಲ್ಲಿ ಒಣಗಿತು.

ಮಕ್ಕಳ ಊಟದ ಹಾಲಿನಲ್ಲಿ ತಟ್ಟೆ ಜೋಡಿಸುತ್ತಿದ್ದಳು. ಕೂರಲು ಸ್ಟೂಲು ಕೊಟ್ಟಳು. ಇಲಾಖೆಯ ಸೀಲು ಬಿದ್ದ ಪ್ರತಿ ಕೊಟ್ಟೆ. ಓದಿ, ಮಡಿಸಿ, ಏಪ್ರನ್ ಜೇಬಿಗೆ ಹಾಕಿಕೊಂಡಳು. ಅವಳಿಗೆ ಈಗ ಅದರಿಂದ ಏನೂ ಆಗಬೇಕಿಲ್ಲ. ಇಬ್ಬರಿಗೂ ಗೊತ್ತಿತ್ತು.

ನಾನು ಶುರು ಮಾಡಿದೆ. "ನೋಡು, ಅವತ್ತು ನಾನು ನಿನಗೆ..." ಮತ್ತೆ ಮೊದಲಿನಿಂದ ಶುರು ಮಾಡಿದೆ, ಅಲ್ಲೇ ನಿಂತಿತು.

ಕಾದಳು. ನಾನು ಅವಳಿಗೆ ಕೊಡದಿದ್ದಷ್ಟು ಹೊತ್ತು ಕಾದಳು. ಆಮೇಲೆ, ಸಿಟ್ಟಿಲ್ಲದೆ, ಮಕ್ಕಳಿಗೆ ಹೇಳುವ ಹಾಗೆ —

"ಬಾಯಲ್ಲಿ ಹೇಳ್ಬೇಡಿ ಮೇಡಂ. ಬರೆದು ಕೊಡಿ."

ತಲೆ ತಗ್ಗಿಸಿದೆ.

"ಓದ್ತೀನಿ. ಓದಿದ ಮೇಲೆ ಪುಸ್ತಕದ ವಿಷಯ ಹೇಳ್ತೀನಿ." ಕೊನೆಯ ತಟ್ಟೆ ಇಟ್ಟಳು. "ಎರಡೂ ಮಗ್ಗುಲಲ್ಲಿ ಬರೀಬಹುದು. ನಾನು ತಿರುಗಿಸಿ ನೋಡ್ತೀನಿ."

ಆಗಸ್ಟ್ 10

ಬಾಗಿಲಿನ ಬೋರ್ಡು ತೆಗೆಸಿದೆ. ಬಾಗಿಲಿನ ಬಣ್ಣ ಅಲ್ಲಿ ಮಾತ್ರ ಹೊಸದಾಗಿದೆ.

ಪತ್ರ ಆಗಲಿಲ್ಲ.

ಆಗಸ್ಟ್ 21

ಆಗಲಿಲ್ಲ.

ಸೆಪ್ಟೆಂಬರ್ 4, ಬೆಳಿಗ್ಗೆ 6

ಕಸದ ಬುಟ್ಟಿ ತುಂಬಿದೆ. "ನನ್ನಿಂದ ಪ್ರಮಾದವಾಯಿತು" — ಹೊಡೆದು ಹಾಕಿದೆ, ಅದು ಸರ್ಕಾರಿ ಭಾಷೆ. "ಅಂದಿನ ಪರಿಸ್ಥಿತಿಯಲ್ಲಿ" — ಹೊಡೆದು ಹಾಕಿದೆ, ಅದು ನೆಪ. ಸತ್ತವರಿಗಾಗಿ ಅತ್ತವರಿಗೆ ಏನು ಹೇಳಬೇಕು ಎಂದು ನೂರ ಮೂರು ಪದ್ಯ ನನಗೆ ಬಾಯಿಪಾಠ. ಒಂದು ಸಾಲೂ ಉಪಯೋಗಕ್ಕೆ ಬರುತ್ತಿಲ್ಲ. ಆ ಮಗುವಿನ ಹೆಸರು ಕೂಡ ನನಗೆ ಗೊತ್ತಿಲ್ಲ. ಅದನ್ನೇ ಕೇಳಬೇಕು. ಕ್ಷಮೆಗಿಂತ ಮೊದಲು ಅದನ್ನು.

ಅಕ್ಕ ಎದ್ದು ಬಂದಳು. ಬುಟ್ಟಿ ನೋಡಿದಳು, ನನ್ನ ಮುಖ ನೋಡಿದಳು. ಹೆಡ್‌ಮಿಸ್ಟ್ರೆಸ್ ಮಾತು ಬರುತ್ತದೆ ಎಂದು ಕಾದೆ. ಕುರ್ಚಿ ಎಳೆದುಕೊಂಡು ಪಕ್ಕದಲ್ಲಿ ಕೂತಿದ್ದಾಳೆ. ಏನೂ ಮಾತಾಡುತ್ತಿಲ್ಲ. ಹತ್ತು ನಿಮಿಷವಾಯಿತು.

ಇನ್ನೊಂದು ಸಲ. ಇಲ್ಲೇ ಬರೆದು, ಆಮೇಲೆ ಹಾಳೆಗೆ ಇಳಿಸುತ್ತೇನೆ —

ನೀನು ಬಾಗಿಲಲ್ಲಿ ನಿಂತಿದ್ದ ದಿನ ನಾನು ತಲೆ ಎತ್ತಿದ್ದರೆ