ಚರಗದ ಕೂಗು

ಮೋರಟಗಿ, ತಾಲೂಕು ಸಿಂದಗಿ
೧೨-೧-೧೯೬೨, ಶುಕ್ರವಾರ

ದೂರದ ಅಮ್ಮಾನ್ ಪಟ್ಟಣದಲ್ಲಿರುವ ನಮ್ಮ ಯಜಮಾನರಿಗೆ ನಿಮ್ಮ ಸಿದ್ದಲಿಂಗವ್ವ ಮಾಡುವ ಶರಣು ಶರಣಾರ್ಥಿ.

ಮೊದಲು ನಿಮ್ಮ ಕೆಮ್ಮಿನ ಸುದ್ದಿ ಹೇಳಿ. ಹೋದ ಪತ್ರದಲ್ಲಿ ‘ಸ್ವಲ್ಪ ಕೆಮ್ಮು’ ಎಂದು ಬರೆದು, ಮುಂದಿನ ಸಾಲಿಗೇ ಕಲ್ಲಿನ ಒಡ್ಡಿನ ವಿಷಯಕ್ಕೆ ಹಾರಿಬಿಟ್ಟಿರಿ. ಒಣಗೆಮ್ಮೋ, ಕಫದ ಕೆಮ್ಮೋ, ಔಷಧ ತೆಗೆದುಕೊಂಡಿರೋ ಇಲ್ಲವೋ, ಒಂದೂ ಇಲ್ಲ. ಒಡ್ಡು ಎಷ್ಟು ಎತ್ತರ, ಎಷ್ಟು ಅಗಲ ಎಂದು ಮಾತ್ರ ಚಿತ್ರ ಬರೆದು ಕಳಿಸಿದ್ದೀರಿ. ಅಲ್ಲಿ ಹಿಮ ಬೀಳುತ್ತದಂತೆ. ನಮ್ಮ ಕಡೆ ಹುಟ್ಟಿದವರಿಗೆ ಬಿಸಿಲು ತಡೆದುಕೊಳ್ಳುವುದು ಗೊತ್ತು, ಹಿಮದ ಹಣೆಬರಹ ಏನು ಗೊತ್ತು? ಕರಿ ಕಂಬಳಿ ಹೊದ್ದರೆ ನಿಮ್ಮ ತಂಡದ ಆ ಡೇನ್ಮಾರ್ಕಿನ ಸಾಹೇಬರು ನಗುತ್ತಾರೆಂದು ಟ್ರಂಕಿನ ತಳಕ್ಕೆ ಹಾಕಿಟ್ಟಿರಬೇಡಿ. ನಕ್ಕರೆ ನಗಲಿ, ಅವರೇನು ನಿಮ್ಮ ಎದೆಗೆ ಎಣ್ಣೆ ತಿಕ್ಕಲು ಬರುತ್ತಾರೆಯೇ? ಇಲ್ಲಿ ನಾವೆಲ್ಲ ಕ್ಷೇಮ. ಅತ್ತೆಯವರ ಮೊಣಕಾಲಿಗೆ ನೋವಿದೆ, ಬಾಯಿಗೆ ಯಾವ ನೋವೂ ಇಲ್ಲ. ಪತ್ರ ಬರೆದು ಮುಗಿಸಿದ ಮೇಲೆ ಅವರಿಗೆ ಪೂರ್ತಿ ಓದಿ ಹೇಳಬೇಕು, ಎಂದಿನ ಕಟ್ಟಳೆ ಅದು. ಈ ಸಾಲನ್ನು ಮಾತ್ರ ಬಿಟ್ಟು ಓದುತ್ತೇನೆ.

ಊರಲ್ಲಿ ಈಗ ಎಲ್ಲರ ಬಾಯಲ್ಲೂ ಅಷ್ಟಗ್ರಹ ಕೂಟದ ಮಾತು. ಮುಂದಿನ ತಿಂಗಳು ಎಂಟು ಗ್ರಹ ಒಂದೇ ಮನೆಯಲ್ಲಿ ಕೂಡುತ್ತವಂತೆ, ಜಗತ್ತು ಮುಳುಗುತ್ತದಂತೆ. ಗುಡಿಯಲ್ಲಿ ಭಜನೆ ಹಚ್ಚಿದ್ದಾರೆ, ದರ್ಗಾದಲ್ಲಿ ಸಕ್ಕರೆ ಓದಿಸುತ್ತಿದ್ದಾರೆ. ಅತ್ತೆಯವರು ದೊಡ್ಡ ಹಿತ್ತಾಳೆ ಕೊಪ್ಪರಿಗೆಯನ್ನು ಅಟ್ಟದಿಂದ ಇಳಿಸಿ ತಿಕ್ಕಿಸಿದರು. ಜಗತ್ತು ಮುಳುಗುವುದಾದರೆ ಕೊಪ್ಪರಿಗೆ ಯಾಕೆ ಎಂದರೆ, “ಮುಳಗಲಿಲ್ಲಂದ್ರ ಮಂದಿ ಊಟಕ್ಕ ಬೇಕಾಗತೈತಿ, ನಿನಗೇನ ತಿಳೀತೈತಿ” ಎಂದು ನನ್ನನ್ನೇ ಗದರಿಸಿದರು. ನನಗೆ ಗ್ರಹಗಳ ಅಂಜಿಕೆ ಇಲ್ಲ. ಎಂಟು ಗ್ರಹಗಳಿಗೆ ಒಂದು ಕಡೆ ಕೂಡಲು ಪುರುಸೊತ್ತು ಸಿಗುತ್ತದೆ, ನಮ್ಮಿಬ್ಬರಿಗೆ ಸಿಗುವುದಿಲ್ಲವಲ್ಲ ಎಂದು ಮಾತ್ರ ಸಿಟ್ಟು ಬರುತ್ತದೆ.

ನಿಮ್ಮ ನೌಕರಿಯೇ ಹಾಗೆ, ಬೆಳೆದಂತೆಲ್ಲ ಮನೆಯಿಂದ ದೂರ. ಹೊಲಗಳಿಗೆ ಒಡ್ಡು ಹಾಕಿಸುವ ಮೇಲ್ವಿಚಾರಕರಾಗಿ ಬಾಗೇವಾಡಿಗೆ ಹೋದಾಗ ಶನಿವಾರದ ಬಸ್ಸಿಗೆ ಬರುತ್ತಿದ್ದಿರಿ, ಧೂಳಿನಲ್ಲಿ ಹುಬ್ಬು ಕೂಡ ಬೆಳ್ಳಗಾಗಿರುತ್ತಿತ್ತು. ಬಡ್ತಿಯಾಗಿ ಮುದ್ದೇಬಿಹಾಳದ ತಂಗಡಗಿಗೆ ಹೋದಿರಿ, ಅಮಾವಾಸ್ಯೆಗೊಮ್ಮೆ ಬಂದರೆ ಬಂದಿರಿ. ಆ ಮೇಲೆ ದಿಲ್ಲಿಯಿಂದ ಕಾಗದ ಬಂತು, ವಿಶ್ವಸಂಸ್ಥೆಯ ಕೃಷಿ ತಂಡಕ್ಕೆ ಒಡ್ಡು ಬಲ್ಲವರು ಬೇಕು ಎಂದು. ಹೋದ ಫೆಬ್ರುವರಿಯಲ್ಲಿ ನೀವು ಸೋಲಾಪುರದ ಗಾಡಿ ಹತ್ತುವಾಗ ‘ಒಂದೇ ವರ್ಷ’ ಎಂದಿರಿ. ಇಂಡಿ ಊರಿಂದ ನಮ್ಮಣ್ಣ ಬಂದಾಗಲೆಲ್ಲ ಕೇಳುತ್ತಾನೆ, “ಭಾವ ಇನ್ನೊಂದ ಬಡ್ತಿ ತಗೊಂಡ್ರ ಎಲ್ಲಿಗೆ ಹೋಗ್ತಾರವ್ವಾ, ಚಂದ್ರಲೋಕಕ್ಕ?” ಎಲ್ಲರೂ ನಗುತ್ತಾರೆ, ನಾನೂ ನಗುತ್ತೇನೆ. ಅವನು ತಂದ ನಿಂಬೆಹಣ್ಣು ಉಪ್ಪಿನಕಾಯಿ ಹಾಕಿದ್ದೇನೆ. ಎರಡು ಭರಣಿ ತುಂಬಿವೆ, ಉಣ್ಣುವವರು ನಾನು, ಅತ್ತೆಯವರು ಇಬ್ಬರೇ.

ಈಗ ನಿಮ್ಮ ಪ್ರಶ್ನೆಗೆ ಬರುತ್ತೇನೆ. ಅಲ್ಲಿಯ ಕೆಲಸ ಸಾಹೇಬರಿಗೆ ಮೆಚ್ಚುಗೆಯಾಗಿದೆ, ಮೂರು ವರ್ಷದ ಕರಾರು ಕೊಡುತ್ತಿದ್ದಾರೆ, ಮುಂದೆ ಕಾಯಂ ಆಗುತ್ತದೆ, ಒಂದು ದೇಶ ಮುಗಿದರೆ ಇನ್ನೊಂದು ದೇಶ, ಕುಟುಂಬ ಕರೆಸಿಕೊಳ್ಳಲು ಸದ್ಯ ಅನುಕೂಲವಿಲ್ಲ, ‘ನೀನು ಹೂಂ ಅಂದರೆ ಸಹಿ ಹಾಕುತ್ತೇನೆ, ಇಲ್ಲವೆಂದರೆ ಮಾರ್ಚಿಗೆ ಬಂದುಬಿಡುತ್ತೇನೆ’ ಎಂದು ಬರೆದಿರಿ. ಭಾರವನ್ನು ನನ್ನ ತಲೆಯ ಮೇಲಿಟ್ಟು ನೀವು ಆರಾಮ ಕುಳಿತಿರಿ. ಅತ್ತೆಯವರನ್ನು ಕೇಳಿದರೆ, “ನನ್ನ ಮಗ ದೇಶದೇಶಕ್ಕ ಬುದ್ಧಿ ಹೇಳಾಂವ, ಹಾಕಲಿ ಸಹಿ” ಎನ್ನುತ್ತಾರೆ. ಊರವರೂ ಅದೇ ಮಾತು. ಮನೆ ಕಳೆದುಕೊಂಡು ಡೇರೆಯಲ್ಲಿರುವ ನಿರಾಶ್ರಿತರಿಗೂ ಗುಡ್ಡದ ಊರಿನವರಿಗೂ ಒಂದು ಇಳಿಜಾರಿನ ಸಲುವಾಗಿ ಕಲ್ಲಿನ ತೂರಾಟ ನಡೆದಿತ್ತೆಂದೂ, ನೀವು ನಮ್ಮ ಕಡೆಯ ‘ಬುತ್ತಿ ಬದಲಿ’ ಮಾಡಿಸಿ ಇಬ್ಬರನ್ನೂ ಒಂದೇ ಒಡ್ಡಿನ ಕೆಲಸಕ್ಕೆ ಹಚ್ಚಿದಿರೆಂದೂ ಬರೆದದ್ದನ್ನು ಓದಿ ಹೇಳಿದಾಗ ಅತ್ತೆಯವರು ಸೆರಗಿನಿಂದ ಕಣ್ಣೊರೆಸಿಕೊಂಡರು. ಆ ಬುತ್ತಿ ಬದಲಿಯನ್ನು ಬಾಗೇವಾಡಿಯ ಸೀಮೆಯಲ್ಲಿ ಎಷ್ಟು ಸಲ ಮಾಡಿಸಿದ್ದೀರಿ! ಒಡ್ಡು ನೆಲದ ಇಳಿಜಾರು ನೋಡುತ್ತದೆ, ಇದು ಯಾರ ಹೊಲ ಎಂದು ನೋಡುವುದಿಲ್ಲ. ಇಬ್ಬರ ಹೊಲದಲ್ಲಿ ಅಡ್ಡ ಹಾಯ್ದರೆ ಜಗಳ ಬಂದೇ ಬರುತ್ತದೆ. ಆಗ ನೀವು ಇವರ ಬುತ್ತಿ ಅವರಿಗೆ, ಅವರ ಬುತ್ತಿ ಇವರಿಗೆ ಕೊಟ್ಟು, ಉಂಡ ಮೇಲೆ ಮಾತು ತೆಗೆಯುತ್ತಿದ್ದಿರಿ. ಉಂಡವನು ಬೈಯಲು ಬಾಯಿ ತೆರೆಯುವುದು ಕಷ್ಟ.

ಇನ್ನು ಊರ ಸುದ್ದಿ ಕೇಳಿ, ಇದು ನಿಮ್ಮದೇ ಒಡ್ಡಿನ ಸುದ್ದಿ. ನಮ್ಮ ಕರಿಮಣ್ಣಿನ ಎರಿ ಹೊಲದಲ್ಲಿ ಶುರುವಾಗಿ ಸಂಗಣ್ಣನ ಹೊಲ, ದಸ್ತಗೀರಸಾಬ ಕಾಕಾನ ಹೊಲ ಎರಡರ ನಡುವೆ ಹೋಗುವ ಒಡ್ಡು ಇದೆಯಲ್ಲ, ಈ ಸಲ ಚಿತ್ತಿ ಮಳೆ ಹುಚ್ಚುಹುಚ್ಚಾಗಿ ಹೊಡೆದು ಅದರ ಮೇಲುಗಡೆ, ಸಂಗಣ್ಣನ ಕಡೆ, ನೀರು ನಿಂತುಬಿಟ್ಟಿತು. ಬಿತ್ತುವ ಹದ ಮೀರುತ್ತಿದೆ, ಹೊಲದಲ್ಲಿ ಕಾಲಿಟ್ಟರೆ ಮೊಣಕಾಲುಮಟ ಹೂಳುತ್ತದೆ. ಸಂಗಣ್ಣ ಯಾರನ್ನೂ ಕೇಳದೆ ಸಲಿಕೆ ತಂದು ಒಡ್ಡು ಕಡಿದ. ನೀರೆಲ್ಲ ಕೆಳಗೆ ಕಾಕಾನ ಹೊಲಕ್ಕೆ ನುಗ್ಗಿ, ಆಗತಾನೆ ಮೊಳೆತಿದ್ದ ಬಿಳಿಜೋಳ ಮಣ್ಣಿನ ಸಮೇತ ಹೋಯಿತು. ಅಂದಿನಿಂದ ಇಬ್ಬರಿಗೂ ಮಾತಿಲ್ಲ. ಕಾಕಾ ಸಿಂದಗಿಯ ವಕೀಲರ ಮನೆ ಸುತ್ತತೊಡಗಿದರು. ಸಂಗಣ್ಣ ಬಡಿಗೆ ಇಲ್ಲದೆ ಹೊಲಕ್ಕೆ ಹೋಗುವುದನ್ನು ಬಿಟ್ಟ. ಹೆಣ್ಣುಮಕ್ಕಳು ಭಾವಿಗೆ ಬರುವ ವೇಳೆಯನ್ನೂ ಬದಲಿಸಿಕೊಂಡರು. ಇಬ್ಬರೂ ಬೇರೆಬೇರೆಯಾಗಿ ನಮ್ಮ ಕಟ್ಟೆಗೆ ಬಂದು, “ರಾಚಪ್ಪ ಸಾಹೇಬರಿಗೆ ಬರೀರಿ, ಅವರು ಹೇಳಿದಂಗ ಕೇಳ್ತೇನಿ” ಎಂದರು. ಬರೆದು, ನಿಮ್ಮ ಉತ್ತರ ಬರುವುದರೊಳಗೆ ಯಾರದಾದರೂ ತಲೆ ಒಡೆದಿರುತ್ತಿತ್ತು. ಸಾಹೇಬರು ಅಮ್ಮಾನಿನಲ್ಲಿ ಶಾಂತಿ ಮಾಡಿಸುತ್ತಿದ್ದಾರೆ, ಅವರ ಹೊಲದ ಪಕ್ಕದಲ್ಲೇ ಬಡಿದಾಟವಾಯಿತು ಎಂದರೆ ನಾನು ಯಾರಿಗೆ ಮುಖ ತೋರಿಸಲಿ?

ಎಳ್ಳಮಾವಾಸ್ಯೆ ಹತ್ತಿರ ಬಂತು. ಅತ್ತೆಯವರ ಮೊಣಕಾಲು ನೆಪವಾಯಿತು. ಸಂಗಣ್ಣನ ಮನೆಯಾಕೆಗೆ, “ಅತ್ತಿಯವರಿಗೆ ಆರಾಮಿಲ್ಲ, ನಂಗ ಅಡಗಿ ಆಗೂದಿಲ್ಲ, ನಮ್ಮ ಪಾಲಿಂದೂ ನೀವ ಮಾಡಿಕೊಂಡು ನಮ್ಮ ಹೊಲಕ್ಕ ಬರ್ರಿ” ಎಂದೆ. ಅದೇ ಮಾತನ್ನು ದಸ್ತಗೀರಸಾಬ ಕಾಕಾನ ಮನೆಯ ಪೀರಬಿ ಕಾಕಿಗೂ ಹೇಳಿದೆ. ಒಬ್ಬರಿಗೆ ಹೇಳಿದ್ದು ಇನ್ನೊಬ್ಬರಿಗೆ ಗೊತ್ತಿಲ್ಲ. ನಿಮಗೆ ಗೊತ್ತಲ್ಲ, ಒಬ್ಬರ ಮನೆಯಲ್ಲಿ ಇನ್ನೊಬ್ಬರು ಉಣ್ಣದವರೂ ಹೊಲದಲ್ಲಿ ಕೂಡಿ ಕುಳಿತು ಉಣ್ಣುವ ದಿನ ಅದು. ಭೂತಾಯಿಗೆ ಎಡೆಯಾಗಿ ಚರಗ ಚೆಲ್ಲಿದ ಹೊಲಕ್ಕೆ ಬಂದವರು ಒಂದು ತುತ್ತಾದರೂ ಉಣ್ಣದೆ ಎದ್ದು ಹೋಗುವಂತಿಲ್ಲ, ಹೋದರೆ ಬೆಳೆಗೆ ಕೇಡು. ಅದನ್ನೇ ನಂಬಿ ನಾನು ಧೈರ್ಯ ಮಾಡಿದೆ.

ಶನಿವಾರ ಎಲ್ಲರೂ ತಮ್ಮತಮ್ಮ ಹೊಲದಲ್ಲಿ ಚರಗ ಚೆಲ್ಲಿದರು. ಹೋದ ಎಳ್ಳಮಾವಾಸ್ಯೆಗೆ ನೀವು ಮುಂದೆ ಬುಟ್ಟಿ ಹಿಡಿದು ಅನ್ನ, ಕಡುಬು ಚೆಲ್ಲುತ್ತ “ಹುಲ್ಲುಲ್ಲಿಗೋ” ಎಂದು ಕೂಗಿದಿರಿ, ಹಿಂದೆ ತಂಬಿಗೆಯಿಂದ ನೀರು ಚಿಮುಕಿಸುತ್ತ ನಾನು “ಚಲ್ಲಾಂಬರಿಗೋ” ಎಂದು ಓಗೊಟ್ಟೆ. ನಿಮ್ಮ ದನಿಗೆ ಜೋಳದೊಳಗಿನ ಗುಬ್ಬಿಗಳೆಲ್ಲ ಎದ್ದು ಹೋದದ್ದು ನೆನಪಿದೆಯೇ? ಈ ಸಲ ನಮ್ಮ ಹೊಲದ ಚರಗವನ್ನು ನಾನೇ ಚೆಲ್ಲಿದೆ. ಆಮೇಲೆ ಸಂಗಣ್ಣನ ಮನೆಯವರು ಬುಟ್ಟಿ ಹೊತ್ತು ಒಂದು ಕಡೆಯಿಂದ ಬಂದರು, ಕಾಕಾನ ಮನೆಯವರು ಇನ್ನೊಂದು ಕಡೆಯಿಂದ. ಇಬ್ಬರೂ ಬನ್ನಿಗಿಡದ ಹತ್ತಿರ ಎದುರಾಬದುರಾ ನಿಂತುಬಿಟ್ಟರು. ಸಂಗಣ್ಣ ತಿರುಗಿ ಹೊರಟೇ ಬಿಟ್ಟಿದ್ದ. ಗಿಡದ ಬುಡದಲ್ಲಿ ಕುಳಿತಿದ್ದ ಅತ್ತೆಯವರು, “ಏ ಸಂಗ್ಯಾ, ಚರಗಾ ಚೆಲ್ಲಿದ ಹೊಲದಾಗಿಂದ ಉಪವಾಸ ಹೊಂಟೀಯಲ್ಲ, ನನ್ನ ಮಗಾ ದುಡಿದ ಹೊಲಕ್ಕ ಕೇಡು ಬಗೀತಿಯೇನೋ?” ಎಂದು ಒಂದು ಹಾಕಿದರು. ನಿಮ್ಮ ತಾಯಿಯ ಬಾಯಿ ಅವತ್ತು ಉಪಕಾರಕ್ಕೆ ಬಂತು, ಇದನ್ನು ಬಿಡದೆ ಓದಿ ಹೇಳುತ್ತೇನೆ. ಸಂಗಣ್ಣ ಕುಳಿತ. ಸಂಗಣ್ಣನ ಮನೆಯ ಬುಟ್ಟಿ ಬಿಚ್ಚಿ ಕಾಕಾನಿಗೆ ಬಡಿಸಿದೆ, ಪೀರಬಿ ಕಾಕಿಯ ಬುಟ್ಟಿ ಬಿಚ್ಚಿ ಸಂಗಣ್ಣನಿಗೆ ಬಡಿಸಿದೆ. ಇಬ್ಬರೂ ರೊಟ್ಟಿ ಮುರಿದರು. ಕಾಕಾ ಎಣ್ಣೆಗಾಯಿ ಬಾಯಿಗಿಟ್ಟು ಬಹಳ ಹೊತ್ತು ಅಗಿದರು. ಆಮೇಲೆ ಯಾರ ಕಡೆಯೂ ನೋಡದೆ, “ಉಪ್ಪ ಕಮ್ಮಿ ಆಗೇತಿ” ಎಂದರು. ಸಂಗಣ್ಣ ತಲೆ ಎತ್ತದೆಯೇ, “ನಿಮ್ಮ ಪುಂಡಿಪಲ್ಯಾದಾಗ ಖಾರ ಏನ್ ಕಮ್ಮಿ ಇಲ್ಲ ಬಿಡು ಕಾಕಾ, ಕಿವ್ಯಾಗ ಹೊಗಿ ಬರಾಕತ್ತೇತಿ” ಎಂದ. ಪೀರಬಿ ಕಾಕಿಗೆ ನಗು ತಡೆಯಲಾಗಲಿಲ್ಲ.

ಉಂಡೆದ್ದು ಇಬ್ಬರೂ ಕಡಿದ ಜಾಗ ನೋಡಲು ಹೋದರು. ಅಲ್ಲಿ ಮತ್ತೆ ಜೋರು ದನಿ ಕೇಳಿತು. ಓಡಿಹೋಗಿ ನೋಡಿದರೆ, ಹೆಚ್ಚಿನ ನೀರು ಹೋಗಲು ಕಲ್ಲು ಕಟ್ಟಿ ಬಾಯಿ ಬಿಡಬೇಕು, ಅದು ಎಲ್ಲಿ ಬರಬೇಕು ಎಂದು ಜಗಳ! ಒಬ್ಬ ಇಲ್ಲಿ ಎನ್ನುತ್ತಾನೆ, ಇನ್ನೊಬ್ಬರು ಅಲ್ಲಿ ಎನ್ನುತ್ತಾರೆ. ಅದು ಬೇರೆ ಜಗಳ, ಒಳ್ಳೆಯ ಜಗಳ. ಸೋಮವಾರ ಒಂದೇ ಬಂಡಿಯಲ್ಲಿ ಕಲ್ಲು ತಂದರು. ಕಾಕಾನ ಹೊಲಕ್ಕೆ ಕಡಲೆ ಬಿತ್ತಲು ಹದ ಉಳಿದಿಲ್ಲ, ಅದಕ್ಕೆ ಬರುವ ಸುಗ್ಗಿಯಲ್ಲಿ ತನ್ನ ಕಣದಿಂದ ಜೋಳ ಅಳೆದು ಕೊಡುವುದಾಗಿ ಸಂಗಣ್ಣ ತಾನಾಗಿಯೇ ಒಪ್ಪಿದ. ಕಾಕಾ ವಕೀಲರ ಕಡೆ ಹೋಗುವುದನ್ನು ಬಿಟ್ಟರು. ನನಗೆ ಅಂದು ನಿಜವಾಗಿಯೂ ಹೆಮ್ಮೆಯಾಯಿತು. ಆ ಕಲ್ಲಿನ ಬಾಯಿ ನೀವು ಕಟ್ಟಿಸಿದ್ದಕ್ಕಿಂತ ಕೊಂಚ ಸೊಟ್ಟಗಿದೆ, ಆದರೆ ಗಟ್ಟಿಯಾಗಿದೆ.

ಅದಕ್ಕೇ ನನ್ನ ಉತ್ತರ ಹೂಂ. ಒಂದು ಒಡ್ಡಿನ ಜಗಳ ನಿಂತರೆ ಎಷ್ಟು ಮನೆಯವರು ನೆಮ್ಮದಿಯಿಂದ ನಿದ್ದೆ ಮಾಡುತ್ತಾರೆಂದು ಈಗ ನನಗೂ ಗೊತ್ತಾಯಿತು. ಡೇರೆಯಲ್ಲಿರುವ ಆ ಹೆಣ್ಣುಮಕ್ಕಳಿಗೂ ಒಂದು ಒಲೆ, ಒಂದು ಅಂಗಳ ಆಗಬೇಕು. ನಿಮ್ಮಂಥವರು ಅವರಿಗೆ ಬೇಕು. ಮನೆಯ ಚಿಂತೆ ಮಾಡಬೇಡಿ. ಸಹಿ ಹಾಕಿ.

ಅತ್ತೆಯವರು ನಿಮಗೆ ಆಶೀರ್ವಾದ ಹೇಳಿದ್ದಾರೆ, ಕಂಬಳಿಯ ಮಾತನ್ನು ಎರಡು ಸಲ ಬರೆ ಎಂದಿದ್ದಾರೆ, ಅದಕ್ಕೆ ಬರೆದೆ: ಕಂಬಳಿ ಹೊದೆಯಿರಿ. ಸಂಗಣ್ಣ ಶರಣು ಹೇಳಿದ್ದಾನೆ, ದಸ್ತಗೀರಸಾಬ ಕಾಕಾ ಮತ್ತು ಪೀರಬಿ ಕಾಕಿ ದುವಾ ಹೇಳಿದ್ದಾರೆ. ಬಸವಣ್ಣ ನಿಮ್ಮನ್ನು ಅಲ್ಲಿಯೂ ಕಾಯಲಿ.

ನಿಮ್ಮ
ಸಿದ್ದಲಿಂಗವ್ವ

ತಾ.ಕ.: ಮ್ಯಾಲಿಂದೆಲ್ಲಾ ಅತ್ತಿಯವರಿಗೆ ಓದಿ ತೋರ್ಸೇನ್ರಿ. ಇದನ್ನ ತೋರ್ಸಿಲ್ಲ. ಸಿಂದಗಿ ಪೋಸ್ಟ್ ಆಫೀಸಿನ ಕಟ್ಟಿ ಮ್ಯಾಲ ಕುಂತು ಬರ್ಯಾಕತ್ತೇನಿ, ಒಳಗ ಟಪಾಲಿನ ಚೀಲ ಕಟ್ಟಾಕತ್ತಾರ. ಅವತ್ತ ಚರಗಾ ಚೆಲ್ಲುಮುಂದ ಏನಾತು ಅಂತ ನಾ ಬರೀಲಿಲ್ಲ. ಸಂಗಣ್ಣನ ಹೊಲದಾಗ ಮುಂದ ಒಂದ ದನಿ, ಹಿಂದ ಒಂದ ದನಿ. ಕಾಕಾನ ಹೊಲದಾಗೂ ಹಂಗ. ನಾ ಬುಟ್ಟಿ ಬಗಲಾಗ ಇಟಕೊಂಡು, ತಂಬಿಗಿ ಕೈಯಾಗ ಹಿಡಕೊಂಡು “ಹುಲ್ಲುಲ್ಲಿಗೋ” ಅಂದೆ. ಅಂದು ನಿಂತೆ. ಹಿಂದ ಯಾರೂ ಅನ್ನಲಿಲ್ಲ. ಕಡೀಕ ನಾನ “ಚಲ್ಲಾಂಬರಿಗೋ” ಅಂದೆ. ಇಡೀ ಹೊಲ ಸುತ್ತಿ ಬರೂತನಕ ಮುಂದ ಕೂಗಾಕೀನೂ ನಾನ, ಹಿಂದ ಅನ್ನಾಕೀನೂ ನಾನ. ಅತ್ತಿಯವರಿಗೆ ಕಾಣಬಾರ್ದಂತ ಮಾರಿ ಆಚೆ ಕಡೆ ಮಾಡಿ ಕಣ್ಣೀರ ಹಾಕಿದೆ. ಸಂಗಣ್ಣ, ಕಾಕಾ ಇಬ್ಬರೂ ನೀವು ಇಲ್ಲದೇನ ಕಲ್ಲ ಹೊತ್ರು. ಆ ಗುಡ್ಡದ ಮಂದೀನೂ ಹೊರತಾರ, ನೀವು ಅಷ್ಟ ಚಲೋ ಕಲಿಸೀರಿ. ನನಗ ಮಾತ್ರ ನೀವು ಇಲ್ಲದೇ ಆಗವಲ್ದುರಿ. ಸಹಿ ಹಾಕಬ್ಯಾಡ್ರಿ. ಬಂದುಬಿಡ್ರಿ.