ಹಗೇವಿಗೆ ಇಳಿಸಿದ ದೀಪ

ದೇವನೂರು, ಭಾನುವಾರ

ಪ್ರೀತಿಯ ಅಪ್ಪಾಜಿ,

ಫೋನಿನಲ್ಲಿ ನಿಮಗೆ ಸರಿಯಾಗಿ ಕೇಳಿಸುವುದಿಲ್ಲವೆಂದು ಬರೆಯುತ್ತಿದ್ದೇನೆ. ಕೊರೊನಾದಲ್ಲಿ ಲಾರಿಗಳು ನಿಂತಾಗ ನಮ್ಮೂರ ಅಂಗಡಿ ನಾಲ್ಕೇ ದಿನಕ್ಕೆ ಬರಿದಾಗಿತ್ತು. ಮುಂದೆ ಜಗತ್ತಿಗೇ ಅದಕ್ಕಿಂತ ದೊಡ್ಡ ಆಪತ್ತು ಬಂದರೂ ಊರು ಒಂದು ವರ್ಷ ಉಣ್ಣಬೇಕೆಂದು ನಾವು ಸಂಘದ ಹೆಂಗಸರು ರಾಗಿ ಕೂಡಿಡಲು ಹೊರಟಿದ್ದೇವೆ. ಅದಕ್ಕಾಗಿ ನಿನ್ನೆ ನೆಲದೊಳಗಿನ ಹಳೆಯ ಹಗೇವಿನ ಬಾಯಿ ತೆರೆಸಿದೆವು.

ನಿಮ್ಮ ಅಳಿಯ ಇಳಿಯಲು ಕಾಲು ಇಳಿಬಿಟ್ಟಿದ್ದರು.

"ತಡೀರಿ, ಮೊದ್ಲು ದೀಪ ಬಿಡಿ" ಅಂದೆ.

"ಎರಡ್ನಿಮಿಷದ ಕೆಲ್ಸ ಕಣೆ" ಎಂದು ನಕ್ಕರು.

ನಾನು ಅವರ ಅಂಗಿ ಬಿಡಲಿಲ್ಲ. ಹಗ್ಗಕ್ಕೆ ಕಟ್ಟಿ ಇಳಿಸಿದ ಲಾಂದ್ರ ಆಳುದ್ದ ಹೋಗುವಷ್ಟರಲ್ಲಿ ಆರಿಹೋಯಿತು. ಒಳಗೆಲ್ಲ ಉಸಿರುಗಟ್ಟಿಸುವ ಕೆಟ್ಟ ಗಾಳಿ. ಇವರು ಕಾಲು ಮೇಲೆಳೆದುಕೊಂಡು ಅಲ್ಲೇ ಕುಳಿತುಬಿಟ್ಟರು.

ದೊಡ್ಡಪ್ಪ ಹಗೇವಿಗಿಳಿದು ಮೇಲೆ ಬಾರದ ದಿನ ಹಗ್ಗ ಹಿಡಿದು ನಿಂತಿದ್ದವರು ನೀವೆಂದು ಅಮ್ಮ ಹೇಳಿದ್ದಳು. ನೀವು ಎಂದೂ ಅದರ ಮಾತೆತ್ತಲಿಲ್ಲ. "ದೀಪ ಬುಡ್ದೆ ಯಾರ್ನೂ ಅಗೇವ್ಗೆ ಇಳಿಸ್ಬ್ಯಾಡ ಕಣವ್ವ" ಎಂದಷ್ಟೇ ಹೇಳುತ್ತಿದ್ದಿರಿ.

ಒಳಗೆ ಗಾಳಿಯಾಡಿಸುವುದು, ರಾಗಿ ಕೆಡದಂತೆ ಹುಲ್ಲು ಹಾಸುವುದು ಹೇಗೆಂದು ಇಲ್ಲಿ ಯಾರಿಗೂ ಗೊತ್ತಿಲ್ಲ. ಶನಿವಾರ ನರಸೀಪುರದಿಂದ ಬೆಳಗಿನ ಬಸ್ಸಿಗೆ ಬನ್ನಿ. ನಂಜನಗೂಡಿನ ಬಸ್ ನಿಲ್ದಾಣಕ್ಕೆ ಇವರೇ ಬೈಕ್ ತರುತ್ತಾರೆ. ನೀವು ಹಗೇವಿನ ಹತ್ತಿರ ಬರುವುದೂ ಬೇಡ. ಜಗಲಿಯ ಮೇಲೆ ಕುಳಿತು ಹೇಳಿ, ನಾವು ಮಾಡುತ್ತೇವೆ. ಕೆಮ್ಮಿನ ಔಷಧಿ ಮರೆಯಬೇಡಿ.

ನಿನ್ನೆ ಸಂಜೆ ಇವರು ನನ್ನೆದುರು ಕುಳಿತು ಮುದ್ದೆ, ಉಪ್ಸಾರು ಉಂಡರು. ಅದನ್ನು ನಿಮಗೆ ತಿಳಿಸಬೇಕೆನಿಸಿತು.

ನಿಮ್ಮ ಮಗಳು
ಚೈತ್ರ