ಕೊಂಡಿ ಹೆಚ್ಚಿರೋ ಕಾಲ್ಗೆಜ್ಜಿ

ಉಮಾ,

ನಮ್ಮನ್ನ ಕೇಳದ ಮದುವಿ ಆಗಿ ಹೋದಾಗಿಂದ ನಿಮ್ಮಪ್ಪ ನಿನ್ನ ಹೆಸರು ಎತ್ತಗೊಡಂಗಿಲ್ಲ. ನಮ್ಮ ಓಣಿ ಉರುಕುಂದಮ್ಮ ನಿನ್ನ ಆಸ್ಪರಿ ಬಸ್‌ಸ್ಟ್ಯಾಂಡಿನಾಗ ಕಂಡಿದ್ಲಂತ. ನಿನ್ನ ಮಗಳು ನಡೀತಾಳಂತ. ಅದಕ್ಕ ಇವತ್ತು ಆದೋನಿಗೆ ಹೋಗಿ ಬೆಳ್ಳಿ ಕಾಲ್ಗೆಜ್ಜಿ ಆರಿಸಾಕ ಕುಂತೆ.

"ಯವ್ವಾ, ಕೂಸಿನ ಕಾಲು ಎಷ್ಟು ದಪ್ಪ ಐತಿ?" ಅಂದ ಅಂಗಡಿಯವ.

ಹೆಬ್ಬೆಟ್ಟು, ನಡುಬೆರಳು ಕೂಡಿಸಿ ತೋರಿಸಿದೆ. ನೀನು ತೊಟ್ಟಿಲಾಗ ಇದ್ದಾಗ ನಿನ್ನ ಕಾಲು ಅಷ್ಟಿತ್ತು.

"ಇದು ಕೈಗೂಸಿನ ಅಳತಿ. ಅಜ್ಜಿ ಆಗಿ ಮೊಮ್ಮಗಳ ಕಾಲು ನೋಡಿಲ್ಲೇನವ್ವ?"

"ನಿನ್ನ ಹೆಂಡತಿ ಕಾಲಿನ ಅಳತಿ ನಿನಗ ಗೊತ್ತೈತೇನೋ? ಕೊಂಡಿ ಹೆಚ್ಚಿರೋದು ಕೊಡು, ಬೇಕಾದಂಗ ಸಡಿಲ ಮಾಡ್ಕೊಂತಾರ" ಅಂದೆ. ನಕ್ಕೋತ ಕೊಟ್ಟ.

ಗೆಜ್ಜಿ ಸಪ್ಪಳ ನಿಮ್ಮಪ್ಪಗ ಕೇಳಬಾರದಂತ ಅವನ್ನ ಜೋಳದ ಡಬ್ಬಿಯಾಗ ಹುಗಿದಿಟ್ಟೀನಿ. ಈ ಕಾಗದಾನೂ ಅಲ್ಲೇ ಹೋಗ್ತೈತಿ.